ಎರಡೂ ಎಡಗಾಲೇ

ಪಾದದ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದೆ, ಅಂಗಡಿಯ ಬೂಟು ಒಗ್ಗದ ಕಾಲುಗಳಿಗೆ ಬೂಟು ಮಾಡಿಕೊಡುವ ಒಂದು ಕಾರ್ಯಾಗಾರವಿದೆ. ಅಲ್ಲಿ ಹೊಲಿಗೆಯಕ್ಕನಿಗೆ ಕಂಪ್ಯೂಟರು ಗಂಟುಬಿದ್ದದ್ದು ಅವಳು ಕಾಗದ ಬಿಸಾಡದ ಹೆಂಗಸು ಎಂಬ ಒಂದೇ ಕಾರಣಕ್ಕೆ. ಏಳು ವರ್ಷದ ಹಿಂದೆ ಮೊದಲ ಕಂಪ್ಯೂಟರಿನ ಡಬ್ಬಿ ಒಡೆದಾಗ ಉಳಿದವರೆಲ್ಲ ಪರದೆ, ವೈರು, ಥರ್ಮಾಕೋಲು ಅಂತ ಮುಗಿಬಿದ್ದರು. ನೆಲಕ್ಕೆ ಬಿದ್ದ ಸಣ್ಣ ಪುಸ್ತಕವನ್ನು ಎತ್ತಿಕೊಂಡವಳು ಇವಳೊಬ್ಬಳೇ. ಚಹಾದ ಬಿಡುವಿನಲ್ಲಿ ಅದನ್ನು ಓದಿಯೂ ಬಿಟ್ಟಳು. ಮಾರನೆಯ ದಿನ ಡಾಕ್ಟರಮ್ಮ ಒಂದು ವೈರನ್ನು ಹಾವಿನಂತೆ ಎತ್ತಿ ಹಿಡಿದು, "ಇದರ ಬಾಲ ಎಲ್ಲಿಗೆ ಹೋಗುತ್ತೆ?" ಎಂದು ಗಾಳಿಗೆ ಕೇಳಿದಾಗ, ಅವಳು ಸೂಜಿಯಿಂದ ಕಣ್ಣೆತ್ತದೆ, "ಆರನೇ ಪುಟದಲ್ಲಿದೆ ಮೇಡಂ. ಹಿಂದುಗಡೆ, ನೀಲಿ ತೂತಿಗೆ" ಎಂದಳು. ಅಷ್ಟೇ. ಅಂದಿನಿಂದ ಪ್ರಿಂಟರು ಮುನಿಸಿಕೊಂಡರೆ ಹೊಲಿಗೆಯಕ್ಕ, ಮೌಸು ಓಡದಿದ್ದರೆ ಹೊಲಿಗೆಯಕ್ಕ. ಬೀದಿಯ ಕರೆಂಟೇ ಹೋದರೂ ಎಲ್ಲರ ಕಣ್ಣು ಹೊಲಿಗೆಯಕ್ಕನ ಕಡೆಗೇ.

ಅವಳಿಗೆ ಐವತ್ತೊಂದು. ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಬಲಗೈಯ ನಡುಬೆರಳಿಗೆ ಸೂಜಿ ಒತ್ತುವ ತಗಡಿನ ಟೋಪಿ, ಮಡಿಲಲ್ಲಿ ಯಾವಾಗಲೂ ಒಂದು ಚರ್ಮದ ತುಂಡು. ಅಂಗುಲಕ್ಕೆ ಎಂಟು ಹೊಲಿಗೆ. ಏಳೂ ಅಲ್ಲ, ಒಂಬತ್ತೂ ಅಲ್ಲ. ಒಂದು ಹೊಲಿಗೆ ಓರೆಯಾದರೆ ಅದರ ಮೇಲೆ ಇನ್ನೊಂದು ಹಾಕಿ ಮುಚ್ಚುವವಳಲ್ಲ. ತುದಿಯವರೆಗೂ ಬಿಚ್ಚಿ ಮೊದಲಿನಿಂದ ಶುರುಮಾಡುತ್ತಿದ್ದಳು. "ಬಿಚ್ಚೋಕೆ ನಾಚಿಕೆ ಪಡೋರು ಹೊಲಿಯೋಕೆ ಕೂರಬಾರದು" ಎಂಬುದು, ಇಪ್ಪತ್ತೇಳು ವರ್ಷದ ಹಿಂದೆ ಸೊಸೆಯಾಗಿ ಬಂದ ಅವಳಿಗೆ ಮಾವ ಕಲಿಸಿದ ಮೊದಲ ಪಾಠ.

ಆ ಮಾವ ಅದೇ ಕಾರ್ಯಾಗಾರದಲ್ಲಿ ಮೂವತ್ತೆಂಟು ವರ್ಷ ಅಚ್ಚು ಕೆತ್ತಿದವರು. ಬೂಟು ಹೊಲಿಯಬೇಕಾದರೆ ಅದರೊಳಗೆ ಒಂದು ಕಾಲು ಇರಬೇಕಲ್ಲ? ಕಾಲಿನ ಯಜಮಾನ ವಾರವಿಡೀ ಬಂದು ಕೂರಲಾರ. ಅದಕ್ಕೇ ಅವನ ಪಾದವನ್ನೇ ಮರದಲ್ಲಿ ಕೆತ್ತಿ, ಅದರ ಮೇಲೆ ಚರ್ಮ ಎಳೆದು ಹೊಲಿಯುವುದು. ಹೆಬ್ಬೆರಳ ಬುಡದ ಗಂಟು, ಕುಗ್ಗಿದ ಹಿಮ್ಮಡಿ, ಒಂದರ ಮೇಲೊಂದು ಹತ್ತಿದ ಬೆರಳು, ಎಲ್ಲವೂ ಆ ಮರದಲ್ಲಿ ಇದ್ದ ಹಾಗೇ ಬರಬೇಕು. ಹಾಗೆ ಕೆತ್ತಿದವು ಆರುನೂರ ಹನ್ನೆರಡು ಜನರ ಜೋಡಿ ಕಾಲುಗಳು, ಹಿಂದಿನ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಹಲಗೆಗಳ ಮೇಲೆ ಸಾಲುಗಟ್ಟಿದ್ದವು. ಬಾಗಿಲು ತೆಗೆದರೆ, ಒಂದಿಡೀ ಊರು ಗೋಡೆಯೊಳಗೆ ನಡೆದುಹೋಗುತ್ತ ಪಾದಗಳನ್ನಷ್ಟೇ ಹೊರಗೆ ಬಿಟ್ಟಂತೆ ಕಾಣುತ್ತಿತ್ತು. ಎಲ್ಲರೂ ಅವರನ್ನು ಅಚ್ಚಿನಜ್ಜ ಎನ್ನುತ್ತಿದ್ದರು. ಇವಳೊಬ್ಬಳಿಗೆ ಮಾವ.

ಕಾಲ ಬದಲಾಯಿತು. ಪಾದದ ಆಕಾರವನ್ನು ಬೆಳಕಿನಲ್ಲಿ ಅಳೆಯುವ ಸ್ಕ್ಯಾನರು ಬಂತು, ಆ ಆಕಾರ ನೋಡಿ ತಾನೇ ಅಚ್ಚು ಕೊರೆಯುವ ಯಂತ್ರ ಬಂತು. ಮಾವನಿಗೆ ಮೊಣಕೈ ನೋವೂ ಅದೇ ಹೊತ್ತಿಗೆ ಬಂತು. ಏಳು ತಿಂಗಳು ಮಾವ ಸೊಸೆ ಇಬ್ಬರೂ ಕೂತು ಒಂದೊಂದೇ ಮರದ ಕಾಲನ್ನು ಸ್ಕ್ಯಾನರಿನ ಮುಂದಿಟ್ಟು ತಿರುಗಿಸಿ ಕಂಪ್ಯೂಟರಿಗೆ ತುಂಬಿದರು. ಕೆಲಸ ಬೇಗ ಸಾಗದಿದ್ದುದು ಯಂತ್ರದ ತಪ್ಪಲ್ಲ. ಪ್ರತಿ ಕಾಲಿಗೂ ಮಾವನ ಬಳಿ ಒಂದು ಕತೆ ಇತ್ತು.

"ಇದು ಪೋಸ್ಟ್‌ಮ್ಯಾನ್‌ದು. ಎಡಗಾಲು ಬಲಗಾಲಿಗಿಂತ ಅರ್ಧ ಅಂಗುಲ ಗಿಡ್ಡ. ಬೂಟು ಹಾಕ್ಕೊಂಡ ದಿನ ಹೇಳ್ದ, 'ಅಜ್ಜ, ಇಷ್ಟು ವರ್ಷ ರಸ್ತೇನೇ ಓರೆ ಅಂದ್ಕೊಂಡಿದ್ದೆ' ಅಂತ."

"ಮಾವ, ತಿರುಗಿಸಿ. ಸ್ಕ್ಯಾನರು ಕಾಯ್ತಿದೆ."

"ಕಾಯ್ಲಿ ಬಿಡು. ಆ ಪೋಸ್ಟ್‌ಮ್ಯಾನ್ ನಲವತ್ತು ವರ್ಷ ಕಾದಿದ್ದ."

ಎಲ್ಲ ತುಂಬಿದ ಮೇಲೆ ಡಾಕ್ಟರಮ್ಮನ ಕಣ್ಣು ಸಹಜವಾಗಿ ಆ ಕೋಣೆಯ ಮೇಲೆ ಬಿತ್ತು. ಹೊಸ ಬೂಟು ತೊಟ್ಟವರು ನಡೆದು ಅಭ್ಯಾಸ ಮಾಡಲು ಜಾಗವಿರಲಿಲ್ಲ. ಕಾರಿಡಾರಿನಲ್ಲಿ ಕುರ್ಚಿ, ಬಕೆಟ್ಟು, ಕಾಯುವವರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಳ್ಳಬೇಕಿತ್ತು. ಮರದ ಕಾಲುಗಳನ್ನು ಕುಂಬಾರಿಕೆಯ ಭಟ್ಟಿಯವರು ಸೌದೆಗೆ ಒಯ್ಯುತ್ತೇವೆ ಎಂದಿದ್ದರು. ಮಾವ ಬೇಡ ಎನ್ನಲಿಲ್ಲ. ಒಂದೇ ಮಾತು ಕೇಳಿದರು.

"ಆ ಡಬ್ಬಿ ಕೆಟ್ಟರೆ?"

ಕೇಳಿದ್ದು ಸರಿಯಾಗೇ ಇತ್ತು. ಹಳೆಯ ಕಂಪ್ಯೂಟರಿನ ಡಿಸ್ಕು ಆಗಲೇ ಕಾಫಿ ಬೀಜ ಅರೆಯುವಂತೆ ಗರಗರ ಎನ್ನುತ್ತಿತ್ತು. ಡಾಕ್ಟರಮ್ಮ ಹೊಸದೊಂದು ಕಂಪ್ಯೂಟರು ತರಿಸಿದರು. ಅದಕ್ಕೆ ಒಂದೇ ಅಳತೆಯ ಎರಡು ಡಿಸ್ಕು. ಮಾರಿದ ಕಂಪನಿಯವನು ಬಂದು, ಎರಡನ್ನೂ ಕನ್ನಡಿಯಂತೆ ಜೋಡಿಸಿ ಅದರ ಮೇಲೆ ಆಪರೇಟಿಂಗ್ ಸಿಸ್ಟಂ ಹಾಕಬೇಕು, ಒಂದು ಹೋದರೂ ಇನ್ನೊಂದು ನಡೆಸುತ್ತದೆ, ಅದನ್ನು ಮಾಡಲು ತಾನು ಮೂರು ವಾರ ಬಿಟ್ಟು ಬರುತ್ತೇನೆ ಎಂದ. ಭಟ್ಟಿಯವರ ಲಾರಿ ಬರುವುದು ಆ ಶನಿವಾರ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿಟ್ಟಂತೆ, ಡಾಕ್ಟರಮ್ಮ ಲಾರಿಗೆ ಹೇಳಿಬಿಟ್ಟಿದ್ದರು.

"ಮಾಡೋದು ಹೇಗೆ ಅಂತ ಕಾಗದದಲ್ಲಿದ್ರೆ ಕೊಡಿ, ನಾನೇ ಮಾಡ್ತೀನಿ" ಎಂದಳು ಹೊಲಿಗೆಯಕ್ಕ.

ಕಂಪನಿಯವನು ಅವಳ ಬೆರಳಿನ ತಗಡಿನ ಟೋಪಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದ. ನಲವತ್ತಾರು ಹಾಳೆ ಪ್ರಿಂಟು ತೆಗೆದು, ಅಲ್ಲಲ್ಲಿ ಪೆನ್ಸಿಲಿನಿಂದ ಏನೇನೋ ಗೀಚಿ ಕೊಟ್ಟು ಹೋದ. ಬಿಡಿ ಹಾಳೆಗಳೆಂದರೆ ಅವಳಿಗಾಗದು. ಅಂದೇ ಅಂಚು ಸಮ ಮಾಡಿ, ದಬ್ಬಳದಿಂದ ತೂತು ಹಾಕಿ, ಮೇಣದ ದಾರದಲ್ಲಿ ಬೂಟಿನ ತಳ ಹೊಲಿದಂತೆ ಬಿಗಿಯಾಗಿ ಹೊಲಿದಳು. ಆನೆ ಎಳೆದರೂ ಒಂದು ಹಾಳೆ ಕಿತ್ತುಬರುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಕಂಪ್ಯೂಟರಿನ ಕೋಣೆಯಲ್ಲಿ ಅವಳು ಹೊಸ ಡಬ್ಬಿಯ ಪಕ್ಕದ ತಗಡು ಬಿಚ್ಚಿ ಕೂತಿದ್ದಾಗ ಮಾವ ಬಂದು ಸ್ಟೂಲಿನ ಮೇಲೆ ಕೂತರು.

"ಏನಮ್ಮಾ, ಇವೇನಾ ಆ ಎರಡು?"

"ಹೂಂ ಮಾವ. ಇದು ಒಂದು, ಇದು ಎರಡು. ಕನ್ನಡಿ ಜೋಡಿ."

ಮಾವ ತಲೆಯಾಡಿಸಿದರು. "ಗೊತ್ತಾಯ್ತು. ಕನ್ನಡೀಲಿ ಎಡಗಾಲು ಹಿಡಿದ್ರೆ ಬಲಗಾಲು ಕಾಣುತ್ತೆ. ಒಂದರಲ್ಲಿ ಎಡಗಾಲುಗಳು, ಇನ್ನೊಂದರಲ್ಲಿ ಬಲಗಾಲುಗಳು. ಅಲ್ಲಮ್ಮಾ, ಹಂಗಾದ್ರೆ ಒಂದು ಕೆಟ್ಟರೆ ಊರಿಗೆ ಊರೇ ಕುಂಟಲ್ವಾ?"

"ಅಯ್ಯೋ ಹಂಗಲ್ಲ ಮಾವ. ಇದರಲ್ಲಿ ಎಡಗಾಲು ಇಟ್ಟರೆ ಅದರಲ್ಲೂ ಎಡಗಾಲೇ. ಎರಡೂ ಎಡಗಾಲೇ."

"ಎರಡೂ ಎಡಗಾಲಾ!" ಮಾವ ಸ್ಟೂಲು ಹಿಂದಕ್ಕೆ ಸರಿಸಿದರು. "ಮೂವತ್ತೆಂಟು ವರ್ಷದಲ್ಲಿ ಅಂಥಾ ಜೋಡಿ ಒಂದೇ ಸಲ ಮಾಡಿದ್ದೆ. ನಿಮ್ಮತ್ತೆ ಜೊತೆ ಜಗಳ ಆಡಿ ಬಂದ ದಿನ."

ಅವಳು ನಗುತ್ತ ಪೆನ್‌ಡ್ರೈವು ಸಿಕ್ಕಿಸಿದಳು. ಪರದೆ ನೀಲಿಯಾಗಿ, ಮೊದಲ ಪ್ರಶ್ನೆ ಕೇಳಿತು. ಆಮೇಲಿನದೆಲ್ಲ ಅವಳಿಗೆ ಚರ್ಮ ಕತ್ತರಿಸುವ ಕೆಲಸದಂತೆಯೇ ಕಂಡಿತು. ಎರಡೂ ಡಿಸ್ಕನ್ನು ಒಂದೇ ಅಳತೆಗೆ ಭಾಗ ಮಾಡು: ಒಂದು ಸಣ್ಣ ತುಂಡು, ಒಂದು ದೊಡ್ಡದು. ಈ ತುಂಡಿಗೆ ಆ ತುಂಡು ಜೋಡಿ, ಈ ದೊಡ್ಡದಕ್ಕೆ ಆ ದೊಡ್ಡದು ಜೋಡಿ ಎಂದು ಹೇಳು. ಹಾಗೆ ಜೋಡಿಯಾದದ್ದನ್ನು ಇನ್ನು ಮೇಲೆ ಕಂಪ್ಯೂಟರು ಎರಡೆಂದು ನೋಡುವುದಿಲ್ಲ, ಒಂದೇ ಎಂದು ತಿಳಿಯುತ್ತದೆ. ಅದರ ಮೇಲೆ ಆಪರೇಟಿಂಗ್ ಸಿಸ್ಟಂ ಹಾಸು. ಪುಟ ತಿರುವಿದಳು, ಒಪ್ಪಿಗೆ ಒತ್ತಿದಳು, ಪುಟ ತಿರುವಿದಳು. ಒಂದು ಕಡೆ, ಅಳಿಸಿದ್ದು ಮತ್ತೆ ಬಾರದು, ಮುಂದುವರಿಯಲೇ ಎಂದು ಪರದೆ ಕೇಳಿದಾಗ ಅವಳ ಬೆರಳು ಗಾಳಿಯಲ್ಲೇ ನಿಂತಿತು.

"ಏನಂತೆ?" ಮಾವ ಬಗ್ಗಿದರು.

"ಕತ್ತರಿ ಹಾಕ್ಲಾ ಅಂತ ಕೇಳ್ತಿದೆ."

"ಎರಡು ಸಲ ಅಳೆದಿದ್ದೀಯಾ?"

"ಮೂರು ಸಲ."

"ಹಾಕು ಮತ್ತೆ."

ಕೊನೆಯಲ್ಲಿ ಪರದೆ ಇನ್ನೊಂದು ಕೇಳಿತು: ಕಂಪ್ಯೂಟರನ್ನು ಬೆಳಿಗ್ಗೆ ಎಬ್ಬಿಸುವ ಪುಟ್ಟ ಪ್ರೋಗ್ರಾಮನ್ನು ಯಾವ ಡಿಸ್ಕಿಗೆ ಬರೆಯಲಿ? ಹಾಳೆಯಲ್ಲಿ ಮೊದಲ ಡಿಸ್ಕು ಎಂದಿತ್ತು. ಮೊದಲನೆಯದನ್ನೇ ಒತ್ತಿದಳು. ಮಧ್ಯಾಹ್ನದ ಹೊತ್ತಿಗೆ ಹೊಸ ಸಿಸ್ಟಂ ಎದ್ದು ಕೂತಿತು. ಹಳೆಯದರ ಗರಗರದೊಳಗಿಂದ ಸಾವಿರದಿನ್ನೂರ ಇಪ್ಪತ್ತನಾಲ್ಕು ಪಾದಗಳು ಇದಕ್ಕೆ ನಡೆದು ಬಂದವು. ಕೊನೆಯ ಪಾದ ಬಂದು ಅರ್ಧ ಗಂಟೆಗೆ ಹಳೆಯ ಡಿಸ್ಕು, ತನ್ನ ಪಾಲಿನದು ಮುಗಿಯಿತೆಂಬಂತೆ, ಟಕ್ ಟಕ್ ಎಂದು ಸುಮ್ಮನಾಯಿತು, ಮತ್ತೆ ಮಾತಾಡಲಿಲ್ಲ. ಹೊಸದರಲ್ಲಿ ಮೊದಲ ಡಿಸ್ಕು ಎರಡನೆಯದಕ್ಕೆ ತನ್ನಲ್ಲಿದ್ದುದನ್ನೆಲ್ಲ ಬರೆದುಕೊಡುತ್ತ, ನೂರಕ್ಕೆ ಹನ್ನೊಂದು, ನೂರಕ್ಕೆ ಹನ್ನೆರಡು ಎಂದು ಎಣಿಸತೊಡಗಿತು. ಅವಳು ಅದನ್ನು ಎಣಿಸಲು ಬಿಟ್ಟು ಮನೆಗೆ ಹೋದಳು.

ಮನೆಯಲ್ಲಿ ಗಂಡ ಶಾಲೆಯ ವ್ಯಾನು ತೊಳೆದು ಬಂದು ಕೈ ಒರೆಸಿಕೊಳ್ಳುತ್ತಿದ್ದ. ಮಾವ ಆಗಲೇ ಮಗನಿಗೆ ವರದಿ ಒಪ್ಪಿಸಿದ್ದರು.

"ಏನೇ, ಎಲ್ಲದಕ್ಕೂ ಇನ್ನೊಂದು ಪ್ರತಿ ಮಾಡ್ತೀಯಂತೆ? ನನಗೂ ಒಂದು ಮಾಡು. ಒಬ್ಬ ವ್ಯಾನು ಓಡಿಸ್ತಾನೆ, ಇನ್ನೊಬ್ಬ ಮಲಗ್ತಾನೆ."

"ಹಂಗಾಗಲ್ಲ ರೀ. ಕನ್ನಡಿ ಪ್ರತಿ ಅಂದ್ರೆ ಒಬ್ಬ ಮಾಡಿದ್ದನ್ನೇ ಇನ್ನೊಬ್ಬನೂ ಮಾಡೋದು. ಇಬ್ಬರೂ ಮಲಗ್ತೀರ. ನನಗೆ ಎರಡು ಹಾಸಿಗೆ ಹಾಸೋ ಕೆಲಸ."

ಒಳಗಿನಿಂದ ಅತ್ತೆಯ ನಗು ಕೇಳಿತು.

ಶುಕ್ರವಾರ ಬೆಳಿಗ್ಗೆ ಎಣಿಕೆ ಮುಗಿದಿತ್ತು. ಇನ್ನು ಪರೀಕ್ಷೆ. ಕಂಪ್ಯೂಟರು ಆರಿಸಿ, ಎರಡನೆಯ ಡಿಸ್ಕಿನ ಕೇಬಲು ಕಿತ್ತು, ಎಬ್ಬಿಸುವ ಗುಂಡಿ ಒತ್ತಿದಳು. ಒಂದು ಡಿಸ್ಕು ಕಾಣುತ್ತಿಲ್ಲ ಎಂದು ಪರದೆ ಸಣ್ಣದಾಗಿ ಗೊಣಗಿತಾದರೂ ಎದ್ದಿತು. ಪಾದಗಳೆಲ್ಲ ಇದ್ದವು. ಕೊರೆಯುವ ಯಂತ್ರ ಅಲ್ಲಿಂದಲೇ ಒಂದು ಅಚ್ಚನ್ನೂ ಕೊರೆಯಿತು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಅವಳು ಕೇಬಲು ಮತ್ತೆ ಸಿಕ್ಕಿಸಿ, ಎರಡನೆಯ ಡಿಸ್ಕನ್ನು ಜೋಡಿಗೆ ಸೇರಿಸಿದಳು. ಸಂಜೆಯ ಹೊತ್ತಿಗೆ ಎಣಿಕೆ ಮತ್ತೆ ನೂರು ಮುಟ್ಟಿತು. ಡಾಕ್ಟರಮ್ಮನ ಮೇಜಿನ ಮೇಲೆ ಒಂದು ಕಾಗದ ಕಾದಿತ್ತು: ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ, ಪರೀಕ್ಷಿಸಿದ್ದೇನೆ, ಮರದ ಅಚ್ಚುಗಳನ್ನು ಕೊಡಬಹುದು. ಹೊಲಿಗೆಯಕ್ಕ ಅದಕ್ಕೆ ಸಹಿ ಹಾಕಿದಳು. ಜೀವನದಲ್ಲಿ ಎಷ್ಟೋ ಬೂಟು ಹೊಲಿದಿದ್ದಳು. ಯಾವುದರ ಮೇಲೂ ಹೆಸರು ಬರೆದಿರಲಿಲ್ಲ. ಸಹಿ ಕೊಂಚ ದೊಡ್ಡದೇ ಆಯಿತು.

ಶನಿವಾರ ಹತ್ತಕ್ಕೆ ಲಾರಿ ಬಂತು. ಹಿಂದಿನ ಕೋಣೆಗೆ ಇಣುಕಿದ ಡ್ರೈವರು, "ಇಷ್ಟೊಂದು ಕಾಲಿದೆ, ನಡ್ಕೊಂಡೇ ಬರಬಹುದಿತ್ತಲ್ಲ, ಲಾರಿ ಯಾಕೆ?" ಎಂದು ತಾನೇ ನಕ್ಕ. ಇಬ್ಬರು ಆಳುಗಳು ಹಲಗೆಯಿಂದ ಬುಟ್ಟಿಗೆ, ಬುಟ್ಟಿಯಿಂದ ಲಾರಿಗೆ ತುಂಬತೊಡಗಿದರು. ಮರ ಮರಕ್ಕೆ ಬಡಿಯುವ ಕೊಳ್ ಕೊಳ್ ಸದ್ದು ಅಂಗಳ ತುಂಬಿತು.

ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಲಾರಿಯ ಕಡೆ ಹೋಗಲಿಲ್ಲ. ಹೊಲಿಗೆಯ ಮೇಜಿನ ಎದುರು ಕೂತು, ಸೊಸೆಯ ಸೂಜಿ ಹೋಗಿ ಬರುವುದನ್ನೇ ನೋಡುತ್ತಿದ್ದರು. ಆಮೇಲೆ, ಹವಾಮಾನ ಕೇಳುವವರ ಹಾಗೆ ಕೇಳಿದರು.

"ನಿನ್ನೆ ಕಿತ್ತು ನೋಡಿದೆಯಲ್ಲ, ಯಾವುದನ್ನ ಕಿತ್ತೆ?"

"ಎರಡನೇದು ಮಾವ."

"ಎರಡನೇದೇ ಯಾಕೆ?"

ಅವಳು ಯೋಚಿಸಿದಳು. ಕಾರಣವೇನೂ ಇರಲಿಲ್ಲ. "ಅದರ ಕೇಬಲು ಕೈಗೆ ಸುಲಭವಾಗಿ ಸಿಗುತ್ತೆ. ಯಾವುದಾದ್ರೇನು ಮಾವ, ಎರಡೂ ಒಂದೇ."

"ಹೂಂ" ಎಂದರು ಮಾವ. "ಒಳ್ಳೆ ಕಾಲಿಗೆ ಹಾಕಿ ನೋಡಿದೀಯ."

ಆ ಕಾರ್ಯಾಗಾರದಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಹೊಸ ಬೂಟನ್ನು ಗಿರಾಕಿಗೆ ತೊಡಿಸುವಾಗ ಮೊದಲು ನೋವಿನ ಕಾಲಿಗೇ ತೊಡಿಸಬೇಕು. ಒಳ್ಳೆಯ ಕಾಲು ಎಂಥದಕ್ಕೂ ಹೊಂದಿಕೊಳ್ಳುತ್ತದೆ. ಅದಕ್ಕೆ ಸರಿಹೋಯಿತೆಂದರೆ ಬೂಟು ಸರಿಯಿದೆ ಎಂದು ಅರ್ಥವಲ್ಲ. ಹೊಲಿಗೆಯಕ್ಕ ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಇದನ್ನು ಮೀರಿದವಳಲ್ಲ.

"ಡಿಸ್ಕಿಗೆ ಒಳ್ಳೆ ಕಾಲು ಕೆಟ್ಟ ಕಾಲು ಅಂತ ಇರಲ್ಲ ಮಾವ" ಎಂದಳು. ಎಂದವಳ ಸೂಜಿ ಮಾತ್ರ ಚರ್ಮದ ಅರ್ಧದಲ್ಲಿ ನಿಂತಿತ್ತು. ಮೊದಲ ಡಿಸ್ಕು ಎಲ್ಲವನ್ನೂ ಮೊದಲು ಪಡೆದದ್ದು. ಎರಡನೆಯದು ಅದರಿಂದ ಬರೆದುಕೊಂಡದ್ದು. ಮೊದಲನೆಯದಿಲ್ಲದೆ ಎರಡನೆಯದು ಒಂಟಿಯಾಗಿ ನಿಂತದ್ದನ್ನು ತಾನು ನೋಡಿಲ್ಲ. ಚರ್ಮ ಮೇಜಿನ ಮೇಲಿಟ್ಟು ಎದ್ದಳು. "ಹತ್ತು ನಿಮಿಷ" ಎಂದು ಯಾರಿಗೋ ಹೇಳಿದಂತೆ ಹೇಳಿ ಕಂಪ್ಯೂಟರಿನ ಕೋಣೆಗೆ ಹೋದಳು.

ಆರಿಸಿದಳು. ಒಳಗಡೆ ಬಗ್ಗಿ ಕೈ ತೂರಿಸಿ ಮೊದಲನೆಯದರ ಕೇಬಲು ಕಿತ್ತಳು. ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಪರದೆ ಕಪ್ಪಾಯಿತು. ಕಪ್ಪಿನ ಮೇಲೆ ಬಿಳಿಯ ಒಂದು ಸಾಲು: ಎಬ್ಬಿಸಲು ಯಾವ ಡಿಸ್ಕೂ ಸಿಗಲಿಲ್ಲ.

ಇನ್ನೊಮ್ಮೆ ಮಾಡಿದಳು. ಅದೇ ಸಾಲು. ಕಿಟಕಿಯಾಚೆ ಕೊಳ್ ಕೊಳ್ ಸದ್ದು ನಿಂತಿರಲಿಲ್ಲ. ಮೂರನೆಯ ಹಲಗೆ ಖಾಲಿಯಾಗುತ್ತಿತ್ತು. ಮೊದಲನೆಯ ಕೇಬಲು ಮತ್ತೆ ಸಿಕ್ಕಿಸಿದರೆ ಎಲ್ಲ ಮೊದಲಿನಂತಾಗುತ್ತದೆ, ಅದು ಗೊತ್ತಿತ್ತು. ಸಿಕ್ಕಿಸಿ, ತಗಡು ಮುಚ್ಚಿ, ಲಾರಿ ಹೋದ ಮೇಲೆ ಸಾವಕಾಶವಾಗಿ ಸರಿಮಾಡಿಕೊಳ್ಳಬಹುದು. ಯಾರೂ ನೋಡಿಲ್ಲ. ನಿನ್ನೆಯ ಚಪ್ಪಾಳೆ ಚಪ್ಪಾಳೆಯಾಗಿಯೇ ಉಳಿಯುತ್ತದೆ. ಆದರೆ ಸರಿಹೋಗದೇ ಇದ್ದರೆ? ಅಷ್ಟು ಹೊತ್ತಿಗೆ ಪೋಸ್ಟ್‌ಮ್ಯಾನಿನ ಕಾಲು ಭಟ್ಟಿಯಲ್ಲಿ ಮಡಕೆ ಬೇಯಿಸುತ್ತಿರುತ್ತದೆ.

ಅವಳು ತಗಡು ಮುಚ್ಚಲಿಲ್ಲ. ಅಂಗಳಕ್ಕೆ ಓಡಿಬಂದು, ಬುಟ್ಟಿ ಎತ್ತಿದ್ದವನ ಎದುರು ಎರಡೂ ಕೈ ಅಗಲಿಸಿ ನಿಂತಳು.

"ಇಳಿಸಿ! ಎಲ್ಲ ಕೆಳಗಿಳಿಸಿ!"

"ಏನಕ್ಕ, ಈಗ ತಾನೇ ಹತ್ತಿಸಿದ್ದು!"

"ಹತ್ತಿಸಿದ್ದನ್ನೇ ಇಳಿಸೋಕೆ ಹೇಳ್ತಿರೋದು. ಹತ್ತಿಸದೇ ಇರೋದನ್ನ ಇಳಿಸೋಕಾಗುತ್ತಾ?"

ಗಲಾಟೆ ಕೇಳಿ ಡಾಕ್ಟರಮ್ಮ ಬಂದರು. "ಅಕ್ಕ, ಏನಿದು? ನಿನ್ನೆ ನೀವೇ ಸಹಿ ಮಾಡಿಕೊಟ್ಟಿದ್ದೀರಲ್ಲ!"

"ಆ ಕಾಗದ ವಾಪಸ್ಸು ಕೊಡಿ ಮೇಡಂ. ತಪ್ಪು ಹೊಲಿದಿದ್ದೀನಿ. ಬಿಚ್ಚಬೇಕು." ಅವಳ ಮಾತು ಅಂಗುಲಕ್ಕೆ ಎಂಟು ಹೊಲಿಗೆಯಂತೆ ಅಳೆದು ಬಂತು. "ಎರಡನೇದು ಹೋದ್ರೆ ಮೊದಲನೇದು ನಡೆಸುತ್ತೆ. ಮೊದಲನೇದು ಹೋದ್ರೆ ಎರಡನೇದು ಏಳೋದೇ ಇಲ್ಲ. ನಾನು ಅರ್ಧ ಪರೀಕ್ಷೆ ಮಾಡಿ ಪೂರ್ತಿ ಸಹಿ ಹಾಕಿದೆ."

ಡ್ರೈವರು ಲಾರಿಯ ಬಾಗಿಲಿಗೆ ಒರಗಿ, "ನಮ್ಮನೇಲೂ ಹಂಗೇ. ಎರಡನೆಯವನು ಮಧ್ಯಾಹ್ನದವರೆಗೂ ಏಳಲ್ಲ" ಎಂದ. ಯಾರೂ ನಗದ್ದು ನೋಡಿ ಬೀಡಿ ಹಚ್ಚಲು ಆಚೆ ಹೋದ.

ಡಾಕ್ಟರಮ್ಮ ಕೋಟಿನ ಜೇಬಿನಿಂದ ಕಾಗದ ತೆಗೆದು ಕೊಟ್ಟರು. ಹೊಲಿಗೆಯಕ್ಕ ಅದನ್ನು ನಾಲ್ಕಾಗಿ ಹರಿದಳು. ಹರಿದ ಚೂರನ್ನು ಬಿಸಾಡದೆ ಸೆರಗಿನ ತುದಿಗೆ ಕಟ್ಟಿಕೊಂಡಳು, ಅದು ಅಭ್ಯಾಸಬಲ.

ಕೋಣೆಗೆ ಮರಳಿ ನಲವತ್ತಾರು ಹಾಳೆಗಳ ಪುಸ್ತಕ ತೆಗೆದಳು. ಮಾವ ಹಿಂದೆಯೇ ಬಂದು ಸ್ಟೂಲಿನಲ್ಲಿ ಕೂತರು. ಎಬ್ಬಿಸುವ ಪ್ರೋಗ್ರಾಮಿನ ಪುಟ ನಲವತ್ತೊಂದು. ಅಕ್ಷರಕ್ಕೆ ಅಕ್ಷರ ಓದಿದಳು. ಮೊದಲ ಡಿಸ್ಕು ಎಂದೇ ಇತ್ತು. ಬೆಳಕಿಗೆ ಹಿಡಿದಳು. ಹೊಲಿಗೆಯ ಬುಡದಲ್ಲಿ, ಹಾಳೆ ಮಡಿಚಿ ಒಳಗೆ ಹೋಗಿದ್ದ ಕಡೆ, ಪೆನ್ಸಿಲಿನ ಒಂದು ಬಾಲ ಕಾಣಿಸಿತು. ಬಾಲ ಮಾತ್ರ. ಉಳಿದದ್ದು ದಾರದೊಳಗೆ.

"ಮಾವ" ಎಂದಳು, "ಆ ಕಂಪನಿಯವನು ಅಂಚಿನಲ್ಲಿ ಏನೋ ಬರೆದಿದ್ದಾನೆ. ನಾನು ಅದರ ಮೇಲೇ ಹೊಲಿದುಬಿಟ್ಟಿದ್ದೀನಿ."

"ಎಷ್ಟು ಒಳಗೆ ಹೊಲಿದಿದ್ದೀಯ?"

"ಮುಕ್ಕಾಲು ಅಂಗುಲ."

"ಕಾಗದಕ್ಕೆ ಮುಕ್ಕಾಲು ಅಂಗುಲಾನಾ! ಅದೇನು ಗದ್ದೆಗೆ ಹಾಕ್ಕೊಂಡು ಹೋಗೋ ಬೂಟೇನಮ್ಮಾ?"

ಅವಳು ದಬ್ಬಳ ತೆಗೆದುಕೊಂಡು ಬಿಚ್ಚತೊಡಗಿದಳು. ಅಷ್ಟು ಬಿಗಿಯಾದ ಹೊಲಿಗೆಯನ್ನು ಬಿಚ್ಚುವಾಗ ಹೊಲಿದವಳ ಮೇಲೆ ಅವಳಿಗೇ ಸಿಟ್ಟು ಬಂತು. ಹದಿನೇಳನೆಯ ಹೊಲಿಗೆ ಬಿಚ್ಚಿದಾಗ ಹಾಳೆ ಅಗಲವಾಗಿ, ಅಂಚಿನುದ್ದಕ್ಕೂ ಅಡ್ಡಡ್ಡ ಗೀಚಿದ ಮಾತು ಕಂಡಿತು: ಎರಡನೇ ಡಿಸ್ಕಿಗೂ ಇದನ್ನೇ ಮರೆಯದೆ ಮಾಡಿ. ಕೆಳಗೆ ಒಂದೇ ಸಾಲಿನ ಆದೇಶ.

"ಎಲ್ಲ ಒಳಗೇ ಇದೆ ಮಾವ. ಕಾಲುಗಳೆಲ್ಲ ಇವೆ. ಎದ್ದು ಬಾಗಿಲು ತೆಗೆಯೋದು ಹೇಗೆ ಅಂತ ಮೊದಲನೇದಕ್ಕೆ ಮಾತ್ರ ಹೇಳಿಕೊಟ್ಟಿದ್ದೆ. ಇದಕ್ಕೆ ಹೇಳಿರಲಿಲ್ಲ."

"ಹೇಳದೇ ಇದ್ರೆ ಅದಕ್ಕಾದ್ರೂ ಹೇಗೆ ಗೊತ್ತಾಗ್ಬೇಕು, ಪಾಪ."

ಮೊದಲನೆಯದರ ಕೇಬಲು ಸಿಕ್ಕಿಸಿ ಎಬ್ಬಿಸಿ, ಎರಡನೆಯದರ ಹೆಸರಿಗೆ ಆ ಒಂದು ಸಾಲನ್ನು ಬರೆದಳು. ಮೂರು ಸಲ ಓದಿ ಒತ್ತಿದಳು. ದೋಷವಿಲ್ಲದೆ ಮುಗಿಯಿತು ಎಂದಿತು ಪರದೆ. ಆರಿಸಿದಳು. ಡಾಕ್ಟರಮ್ಮನನ್ನು ಕರೆಸಿದಳು, ಅವರ ಹಿಂದೆ ಲಾರಿಯ ಡ್ರೈವರೂ ಬಂದು ಬಾಗಿಲಲ್ಲಿ ನಿಂತ. ಈ ಸಲ ಅವಳು ಕೈ ಹಾಕಲಿಲ್ಲ.

"ನೀವು ಕೀಳಿ ಮಾವ."

ಮಾವ ಕೈಯನ್ನು ಅಂಗಿಗೆ ಒರೆಸಿಕೊಂಡು ಡಬ್ಬಿಯೊಳಗೆ ಬಗ್ಗಿದರು. ನೋವಿನ ಮೊಣಕೈ ಕಟಕ್ಕೆಂದಿತು. ಎರಡು ಬೆರಳಿನಿಂದ, ಮುಳ್ಳು ತೆಗೆಯುವ ಹಾಗೆ, ಮೊದಲನೆಯ ಕೇಬಲನ್ನು ಕಿತ್ತರು. ಹೊಲಿಗೆಯಕ್ಕ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಆಮೇಲೆ ಒಂದು ಸಾಲು ಓಡಿತು, ಅದರ ಹಿಂದೆ ಇನ್ನೊಂದು, ಹತ್ತು, ನೂರು. ಒಂದು ಡಿಸ್ಕು ಕಾಣುತ್ತಿಲ್ಲ ಎಂದು ಗೊಣಗಿತು. ಎದ್ದಿತು.

"ಇನ್ನೂರ ಹದಿನಾಲ್ಕು ತೆಗಿ" ಎಂದರು ಮಾವ ತಕ್ಷಣ.

ಪರದೆಯ ಮೇಲೆ ಒಂದು ಪಾದ ಮೆಲ್ಲಗೆ ತಿರುಗಿತು. ಮಾವ ಮೂಗು ತಾಗುವಷ್ಟು ಹತ್ತಿರ ಬಗ್ಗಿ ಹಿಮ್ಮಡಿ ನೋಡಿದರು, ಬೆರಳ ಸಂದು ನೋಡಿದರು. "ಹೌದು, ಸಂಗೀತದ ಮೇಷ್ಟ್ರೇ. ಕಿರುಬೆರಳು ನೋಡು, ತಾಳ ಹಾಕಿ ಹಾಕಿ ಮೇಲೆದ್ದಿದೆ." ಇನ್ನೂ ಏಳೆಂಟು ಕಾಲು ಕೇಳಿದರು. ಎಲ್ಲವೂ ಬಂದವು.

ಡಾಕ್ಟರಮ್ಮ ಮಾವನ ಕಡೆ ತಿರುಗಿದರು. "ಅಜ್ಜ, ಅವಸರ ಮಾಡಿದ್ದು ನಾನು. ಲಾರಿ ವಾಪಸ್ಸು ಕಳಿಸ್ತೀನಿ. ನಿಮ್ಮ ಅಚ್ಚುಗಳು ಬೇಕಾದ್ರೆ ಇನ್ನೊಂದು ವರ್ಷ ಇರ್ಲಿ."

ಹೊಲಿಗೆಯಕ್ಕ ಮಾವನ ಮುಖ ನೋಡಿದಳು. ಅವರು ಹೂಂ ಎಂದರೆ ಸಾಕು ಎಂದು ಅವಳ ಮನಸ್ಸೂ ಒಳಗೊಳಗೇ ಬಯಸಿತ್ತು. ಮಾವ ಕಿತ್ತ ಕೇಬಲಿನ ತುದಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಮೂವತ್ತೆಂಟು ವರ್ಷ ಆ ಕೋಣೇಲಿ ಒಂದೇ ಒಂದು ಪ್ರತಿ ಇತ್ತು ಡಾಕ್ಟ್ರೇ. ಗೆದ್ದಲು ಹತ್ತಿದ್ರೆ ಎರಡನೇದು ಎಲ್ಲಿತ್ತು? ನಾನೊಂದು ದಿನಾನೂ ಯೋಚನೆ ಮಾಡಿದವನಲ್ಲ, ಯಾರೂ ನನ್ನ ಕೇಳ್ಲೂ ಇಲ್ಲ. ಇವಳು ತನ್ನ ಸಹೀನ ತಾನೇ ಹರಿದಳು. ಇವಳ ಕೈಲಿ ನನ್ನ ಕಾಲುಗಳು ಇರ್ಲಿ." ಬಾಗಿಲ ಕಡೆ ತಿರುಗಿದರು. "ಏನಪ್ಪಾ ಡ್ರೈವರ್, ಇಳಿಸಿದ್ದನ್ನ ಮತ್ತೆ ಹತ್ತಿಸೋಕೆ ಹೇಳು."

"ಮತ್ತೆ ಹತ್ತಿಸೋದಾ!" ಅಂಗಳದಿಂದ ಆಳುಗಳ ಆರ್ತನಾದ ಕೇಳಿತು.

ಡಾಕ್ಟರಮ್ಮ ನೆನಪಿಗೆ ಒಂದು ಜೋಡಿಯನ್ನಾದರೂ ಮನೆಗೆ ಒಯ್ಯಿರಿ ಎಂದರು. ಮಾವ ಕೈ ಅಲ್ಲಾಡಿಸಿದರು. "ಬೇಡ, ಬೇಡ. ಇವಳತ್ತೆ ಬಾಗಿಲು ಬಡೀದಂಗೆ ಅಡ್ಡ ಇಡ್ತಾಳೆ. ಅದನ್ನ ಎಡವಿ ನನ್ನ ನಿಜವಾದ ಕಾಲು ಮುರಿಯುತ್ತೆ." ಕೋಣೆಯಿಂದ ಹೊರಗೆ ಹೋಗುವ ಮುನ್ನ ಒಂದು ಮಾತು ಸೇರಿಸಿದರು. "ಈ ಎರಡು ಡಿಸ್ಕೂ ಒಂದೇ ಡಬ್ಬೀಲಿದೆಯಲ್ಲ, ಡಬ್ಬಿಗೇ ನೀರು ಬಿದ್ರೆ?" ಡಾಕ್ಟರಮ್ಮ ಅಂದೇ ಮೂರನೆಯದೊಂದು ಡಿಸ್ಕು ತರಿಸಿ, ಅದರಲ್ಲೂ ಎಲ್ಲ ಪಾದಗಳನ್ನು ತುಂಬಿಸಿಕೊಂಡು ಮನೆಯ ಬೀರುವಿಗೆ ಒಯ್ದರು.

ಲಾರಿ ಹೋದ ಮೇಲೆ ಹೊಲಿಗೆಯಕ್ಕ ಕೇಬಲು ಸಿಕ್ಕಿಸಿ, ಮೊದಲ ಡಿಸ್ಕನ್ನು ಮತ್ತೆ ಜೋಡಿಗೆ ಸೇರಿಸಿ, ಹೊಸ ಕಾಗದ ಬರೆದಳು. ಈ ಸಲ ಸಹಿ ಸಣ್ಣದಾಗಿತ್ತು. ಮೇಲೆ, ಯಾವ ಕೇಬಲನ್ನು ಯಾರು ಕಿತ್ತರು ಎಂಬುದನ್ನೂ ಬರೆದಿದ್ದಳು. ಹಿಂದಿನ ಕೋಣೆಗೆ ಹೋದರೆ ಮಾವ ಅಲ್ಲಿದ್ದರು. ಖಾಲಿ ಹಲಗೆಗಳ ನಡುವೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದರು. ಕಣ್ಣು ತುಂಬಿತ್ತೋ ಧೂಳು ಬಿದ್ದಿತ್ತೋ, ಅವಳು ಕೇಳಲು ಹೋಗಲಿಲ್ಲ.

"ಹತ್ತೊಂಬತ್ತು ಹೆಜ್ಜೆ" ಎಂದರು. "ನಡೆಯೋರಿಗೆ ಸಾಕು." ಮತ್ತೆ ತಿರುಗಿ ಇತ್ತ ನಡೆದು ಬಂದರು. "ಇನ್ನೊಂದು ಸಲ ಯಾವಾಗ ಕೀಳೋದು?"

"ಏನನ್ನ ಮಾವ?"

"ಆ ವೈರನ್ನಮ್ಮಾ. ಒಂದು ಸಲ ನೋಡಿ ಬಿಟ್ಟರೆ ಆಯ್ತಾ? ಬೂಟು ತೊಟ್ಟೋರನ್ನ ತಿಂಗಳಿಗೊಂದ್ಸಲ ಕರೆಸಿ ನೋಡಲ್ವಾ ನಾವು?"

"ಹಂಗಾದ್ರೆ ತಿಂಗಳಿಗೊಂದ್ಸಲ ಕೀಳೋಣ. ನೀವೇ ಬಂದು ಕೀಳಿ." ಅವಳು ಕನ್ನಡಕ ಏರಿಸಿ, ಬರೆದುಕೊಳ್ಳಲು ಕಾಗದ ಮಡಿಚಿದಳು. "ಮುಂದಿನ ತಿಂಗಳು ಯಾವುದನ್ನ ಕೀಳ್ತೀರ? ಮೊದಲನೇದೋ, ಎರಡನೇದೋ?"

ಮಾವ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಈಗಲೇ ಹೇಳಿದ್ರೆ ನೀನು ತಯಾರಿ ಮಾಡ್ಕೋತೀಯ" ಎಂದರು.